ಮೀಯಿಸುವ ಅಕ್ಕನ ಕೈಗಳು

ಸಂಜೆ ನಾಲ್ಕೂ ಇಪ್ಪತ್ತಕ್ಕೆ ನನ್ನ ಹೆಂಡತಿಯ ಹೊಟ್ಟೆಯ ಮೇಲೆ ಪಕ್ಕದ ಮನೆಯ ಅಕ್ಕನ ಎರಡೂ ಅಂಗೈಗಳಿದ್ದವು. ನಮ್ಮೂರು ಮಂಡೆಕೋಲಿನ ಅರ್ಧದಷ್ಟು ಮಕ್ಕಳನ್ನೂ ಬಾಣಂತಿಯರನ್ನೂ ಎಣ್ಣೆ ತಿಕ್ಕಿ ಮೀಯಿಸಿದ ಕೈಗಳವು. ಮೆಲ್ಲಗೆ ಎಂಬುದು ಅವುಗಳಿಗೆ ಗೊತ್ತಿರಲಿಲ್ಲ.

ಹಳೆಯ ಆಪರೇಷನ್ನಿನ ನಂತರ ಇವಳ ಹೊಟ್ಟೆಯೊಳಗೆ ಕರುಳು, ಗರ್ಭನಾಳಗಳು ಅಲ್ಲಲ್ಲಿ ಅಂಟಿಕೊಂಡಿದ್ದವು. ಅದರಿಂದ ಕೆಳಹೊಟ್ಟೆಯ ನೋವು, ಮಗುವೂ ಆಗಿರಲಿಲ್ಲ. ಆ ಅಂಟು ಸಡಿಲಿಸಲು ಪುತ್ತೂರಿನ ಫಿಸಿಯೋಥೆರಪಿಸ್ಟ್ ಹೊಟ್ಟೆಯನ್ನು ಹಗುರವಾಗಿ ನೀವುವುದನ್ನು ನಮ್ಮ ಜೊತೆ ಬಂದು ನೋಡಿದ್ದ ಅಕ್ಕ, ಹೊರಗೆ ಬಂದದ್ದೇ ನಕ್ಕಿದ್ದರು: “ಅದೆಂತ ಮಾರಾಯ್ರೆ, ಬೆಕ್ಕನ್ನು ಸವರಿದ ಹಾಗೆ! ನಾನುಂಟಲ್ಲ!” ಊರಿನ ಎಲ್ಲ ಕಷ್ಟಕ್ಕೂ ಅವರದ್ದು ಇದೇ ಮಾತು.

ಅಂದು ಸಂಜೆ ನೋವು ಜಾಸ್ತಿಯಾದಾಗ “ನಾನುಂಟಲ್ಲ” ಎನ್ನುತ್ತಲೇ ಬಂದು ಬಲವಾಗಿ ಒತ್ತಿದರು. ಇವಳು ಮುದುಡಿ ವಾಂತಿ ಮಾಡಿದಳು, ಹೊಟ್ಟೆ ಕಲ್ಲಾಯಿತು. ಅಂಟಿನಲ್ಲಿ ಕರುಳು ಸಿಕ್ಕಿಕೊಂಡಿದೆ, ತಾನಾಗಿ ಬಿಡದಿದ್ದರೆ ಹೊಟ್ಟೆ ಕೊಯ್ಯಬೇಕು ಎಂದರು ಆಸ್ಪತ್ರೆಯಲ್ಲಿ. ವಾರ್ಡಿನ ಹೊರಗೆ ಅಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿ ಕೂತಿದ್ದರು. ಚಾ ಕೊಟ್ಟರೂ ಕೈ ಹೊರಗೆ ಬರಲಿಲ್ಲ.

ಮರುದಿನ ಕರುಳು ಬಿಟ್ಟುಕೊಂಡಿತು. ಒತ್ತಿದ್ದರಿಂದಲೇ ಹೀಗಾಯಿತೇ ಎಂದು ಡಾಕ್ಟರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಮನೆಗೆ ಬಂದ ಮೇಲೂ ಇವಳು ಮಗ್ಗುಲು ಬದಲಿಸಿದರೆ ಸಾಕು, ನಾನು ಬೆಚ್ಚಿ ಏಳುತ್ತಿದ್ದೆ. ನಾನು ಎದ್ದದ್ದಕ್ಕೆ ಇವಳೂ ಏಳುತ್ತಿದ್ದಳು.

ಕೊನೆಗೊಂದು ದಿನ ಬಿಸಿಲು ಕಿಟಕಿಗೆ ಬಂದರೂ ನಾವಿಬ್ಬರೂ ಎದ್ದಿರಲಿಲ್ಲ. ಎಬ್ಬಿಸಿದ್ದು ಗೇಟಿನ ಬಳಿಯ ಗದ್ದಲ. ಮೀನಿನವನ ಸ್ಕೂಟರಿಗೆ ಅಡ್ಡ ನಿಂತ ಅಕ್ಕ ಗುಡ್ಡದಾಚೆಗೂ ಕೇಳುವಂತೆ ಕೂಗುತ್ತಿದ್ದರು: “ಹಾರ್ನ್ ಹಾಕ್ಬೇಡ ಮಾರಾಯಾ! ಇವತ್ತಾದ್ರೂ ಅವರು ನಿದ್ದೆ ಮಾಡ್ಲಿ!”