ನದಾಫ ಸಾಹೇಬರ ತಟ್ಟೆ ಮತ್ತು ರೋಗಿಗಳ ಚೀಲ

ನಮ್ಮ ಅವಳಿನಗರದಲ್ಲಿ ಔಷಧ ಕೊಡುವವರಿಗೇನೂ ಕೊರತೆಯಿಲ್ಲ. ಆದರೆ ಕೊಡುವ ಮೊದಲು ರೋಗಿಯ ಅಡುಗೆಮನೆಯನ್ನೂ ವಿಚಾರಿಸಿಕೊಂಡವರು, ನಾವು ಕಂಡಂತೆ, ಶ್ರೀ ಮೌಲಾಲಿ ನದಾಫ ಅವರೊಬ್ಬರೇ. ವಿದ್ಯಾನಗರದ ನಮ್ಮ ಧರ್ಮಾಸ್ಪತ್ರೆಯ ಔಷಧ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಸೇವೆ ಸಲ್ಲಿಸಿ, ೨೦೦೮ರ ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿರುವ ಅವರನ್ನು ಜನ ಗುರುತಿಸುವುದು ಪದವಿಯಿಂದಲ್ಲ, "ಚೀಲ ಸುರುವ್ರಿ" ಎಂಬ ಒಂದು ಮಾತಿನಿಂದ.

ಆ ಮಾತು ಹುಟ್ಟಿದ್ದು ಒಂದು ತಪ್ಪಿನಿಂದ. ಸಾಹೇಬರೇ ಅದನ್ನೆಂದೂ ಮುಚ್ಚಿಡಲಿಲ್ಲವಾದ್ದರಿಂದ ನಾವೂ ಮುಚ್ಚಿಡಬೇಕಾಗಿಲ್ಲ. ೧೯೯೩ರಲ್ಲಿ ಬೈರಿದೇವರಕೊಪ್ಪದ ರುಕ್ಮವ್ವನಿಗೆ ಡಾಕ್ಟರು ಸಕ್ಕರೆ ಕಾಯಿಲೆಯ ಗುಳಿಗೆ ಹೆಚ್ಚಿಸುವವರಿದ್ದರು. ಬೇರೇನಾದರೂ ಔಷಧ ನಡೆದಿದೆಯೇ ಎಂದು ಕೇಳುವ ಹೊಣೆ ಸಾಹೇಬರದು. ಆಕೆ ಇಲ್ಲವೆಂದಳು, ಇವರು ಚೀಟಿಯ ಮೇಲೆ "ಬೇರೇನೂ ಇಲ್ಲ" ಎಂದು ಬರೆದರು. ನಾಲ್ಕನೆಯ ದಿನ ಎಚ್ಚರ ತಪ್ಪಿದ ರುಕ್ಮವ್ವನನ್ನು ಮನೆಯವರು ಹೊತ್ತು ತಂದರು. ನೆರೆಯವರ ಮಾತು ಕೇಳಿ, ಆಸ್ಪತ್ರೆಗೆ ಬರುವ ಎರಡು ದಿನ ಮೊದಲಿನಿಂದಲೇ ಆಕೆ ಹಾಗಲಕಾಯಿ, ಮಧುನಾಶಿನಿಯ ಪುಡಿ ನುಂಗುತ್ತಿದ್ದಳು. ಹೆಚ್ಚಿಸಿದ ಗುಳಿಗೆಯೂ ಅದರ ಜೊತೆ ಸೇರಿ ಸಕ್ಕರೆ ಪಾತಾಳಕ್ಕಿಳಿದಿತ್ತು.

ಗ್ಲೂಕೋಸ್ ಏರಿಸಿ, ಆಕೆ ಕಣ್ಣು ಬಿಡುವವರೆಗೆ ಸಾಹೇಬರು ಮಂಚದ ಪಕ್ಕದಿಂದ ಏಳಲಿಲ್ಲ. ತಾವೇ ಬರೆದ ಚೀಟಿ ಕೈಯಲ್ಲೇ ಇತ್ತು.

"ಪುಡಿ ತಗೋತೀನಿ ಅಂತ ಯಾಕ ಹೇಳಲಿಲ್ಲರಿ ಯವ್ವಾ?"

"ಅಯ್ಯ, ಅದು ಮನ್ಯಾಗಿನ ಪುಡಿರೀ. ಲೆಕ್ಕಕ್ಕ ಬರ್ತೈತಿ ಅಂತ ನನಗೇನ್ ಗೊತ್ತು?"

ಮರುದಿನ ಸಾಹೇಬರ ಮೇಜಿನ ಮೇಲೆ ಅಗಲವಾದ ಸ್ಟೀಲ್ ತಟ್ಟೆಯೊಂದು ಬಂತು. ಮನೆಯಲ್ಲಿ ನುಂಗುವ, ಕುಡಿಯುವ, ಅಗಿಯುವ ಎಲ್ಲವನ್ನೂ ಚೀಲದಲ್ಲಿ ತರಿಸಿ, ತಟ್ಟೆಗೆ ಸುರಿಸಿ ನೋಡದೆ ಅವರು ಗುಳಿಗೆ ಕೊಡುತ್ತಿರಲಿಲ್ಲ. ಸಾಲು ಬಾಗಿಲಾಚೆಗೆ ಬೆಳೆಯಿತು, ಸಾಹೇಬರು ಬೈಸಿಕೊಂಡರು, ಹಟ ಬಿಡಲಿಲ್ಲ. ಮೆಂತ್ಯ, ಅಜವಾನ, ಅಶ್ವಗಂಧಗಳ ಆ ಕಲಬೆರಕೆ ವಾಸನೆ ನೆನೆದರೆ ಆ ದಿನಗಳೆಲ್ಲ ಮರಳಿ ಬರುತ್ತವೆ. ಮುಂದೆ ಎಲೆಯ ಚಿತ್ರ ಹೊತ್ತು, ಅಡ್ಡಪರಿಣಾಮವೇ ಇಲ್ಲವೆಂದು ಸಾರುವ ಡಬ್ಬಿಗಳೂ ತಟ್ಟೆಗೆ ಬಿದ್ದವು. ಸಾಹೇಬರು ಯಾವುದನ್ನೂ ಹೀಯಾಳಿಸಲಿಲ್ಲ. "ಗುಣಾ ಮಾಡೂ ಕಸುವು ಇದ್ದದ್ದಕ್ಕ ಕೆಡಸೂ ಕಸುವೂ ಇರತೈತಿ. ಬಿಡ್ರಿ ಅನ್ನೂದಿಲ್ಲ, ಮುಚ್ಚಿಡಬ್ಯಾಡ್ರಿ ಅಂತೀನಿ," ಎನ್ನುತ್ತಿದ್ದರು. ರುಕ್ಮವ್ವ ಪ್ರತಿ ಸಂಕ್ರಾಂತಿಗೆ ಸಜ್ಜಿರೊಟ್ಟಿ ಕಳಿಸುತ್ತ ಬಂದಳು. ಆ ಚೀಟಿ ಮಾತ್ರ ಸಾಹೇಬರ ಜೇಬು ಬಿಡಲಿಲ್ಲ.

ಕಳೆದ ತಿಂಗಳು ಸಾಹೇಬರದೇ ರಕ್ತದೊತ್ತಡ ಇಳಿಯದೆ ಡಾಕ್ಟರು ಗುಳಿಗೆ ಹೆಚ್ಚಿಸಿ ಬರೆದರು. ಅವರ ಕೈಕೆಳಗೆ ಕೆಲಸ ಕಲಿತ ಶಾಯಿಸ್ತಾ ಗುಳಿಗೆ ಕೊಡಲಿಲ್ಲ. ತಟ್ಟೆಯನ್ನು ಮುಂದೆ ಸರಿಸಿದಳು.

"ಚೀಲ ಸುರುವ್ರಿ ಸರ್."

"ನನ್ನ ಚೀಲದಾಗ ಏನೈತಿ?" ಎಂದು ನಗುತ್ತಲೇ ಸುರಿದರು. ಕನ್ನಡಕದ ಡಬ್ಬಿ, ಊಟದ ಡಬ್ಬಿ, ಕೊನೆಗೆ ಒಂದು ಕಟ್ಟು ಜ್ಯೇಷ್ಠಮಧುವಿನ ಕಡ್ಡಿ. ದಿನವಿಡೀ ರೋಗಿಗಳೊಡನೆ ಮಾತಾಡಿ ಒಣಗುವ ಗಂಟಲಿಗೆಂದು ವರ್ಷಗಳಿಂದ ಅಗಿಯುತ್ತ ಬಂದದ್ದು. ಅದು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆಂದು ಶಾಯಿಸ್ತಾಗೆ ಕಲಿಸಿದವರೂ ಅವರೇ!

"ಇದು ಲೆಕ್ಕಕ್ಕ ಬರ್ತೈತಿ ಅಂತ ನನಗ ಹೊಳೀಲೇ ಇಲ್ಲವ್ವಾ."

ಹಾಗೆಂದವರು ಜೇಬಿನಿಂದ ಹದಿನೈದು ವರ್ಷದ ಹಳೆಯ ಚೀಟಿಯನ್ನು ತೆಗೆದು, ಕಡ್ಡಿಗಳ ಜೊತೆ ತಟ್ಟೆಯಲ್ಲಿಟ್ಟರು. ಮತ್ತೆ ಎತ್ತಿಕೊಳ್ಳಲಿಲ್ಲ.

ಕಡ್ಡಿ ಬಿಟ್ಟ ಮೇಲೆ ರಕ್ತದೊತ್ತಡ ಹದಕ್ಕೆ ಬಂದಿದೆ. ಸಾಹೇಬರು ನೂರು ಕಾಲ ಬಾಳಲಿ. ವಾರಕ್ಕೆರಡು ಸಲವಾದರೂ ಬಂದು ಹಳೆಯ ಮೇಜಿನ ಬಳಿ ಕುಳಿತು ಹೊಸಬರಿಗೆ ಕಲಿಸಲಿ. ಬರುವಾಗ ತಮ್ಮ ಚೀಲವನ್ನೂ ತರಲಿ.