ಪೈಪಕ್ಕನ ಏರುಪೇರಿನ ಸಾಲು

ಗಾಜಿನ ಮನೆಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಕೈಯಲ್ಲಿ ಸದಾ ನೀರಿನ ಪೈಪು, ಹಾಗಾಗಿ ಪೈಪಕ್ಕ. ಸಸ್ಯ ಸಂಶೋಧನಾಲಯಕ್ಕೆ ನಾಲ್ಕು ದಿನದ ಕೂಲಿಗೆಂದು ಬಂದವಳು, ಸೂರ್ಯಕಾಂತಿ ಗಿಡಗಳನ್ನು ಬೈಯುತ್ತ, ಮುದ್ದಿಸುತ್ತ ಅಲ್ಲಿಯೇ ಬೇರೂರಿಬಿಟ್ಟಿದ್ದಳು.

ಆ ವರ್ಷ ಅವಳಿಗೆ ತಲೆನೋವು ತಂದದ್ದು ಎಡಗಡೆಯ ಸಾಲು. ಎರಡು ಸಾಲಿಗೆ ಎರಡು ಬೇರೆ ತಳಿ. ಬಲಗಡೆಯ ಗಿಡಗಳು ಅಚ್ಚಿನಿಂದ ತೆಗೆದಂತೆ ಒಂದೇ ಎತ್ತರಕ್ಕೆ ನಿಂತಿದ್ದರೆ, ಎಡಗಡೆ ಒಂದು ಅವಳ ತಲೆ ದಾಟಿತ್ತು, ಪಕ್ಕದ್ದು ಸೊಂಟಕ್ಕೂ ಬಂದಿರಲಿಲ್ಲ.

“ಅಕ್ಕಾ, ಈ ಕಡೆ ನೀರು ಸರಿಯಾಗಿ ಬೀಳ್ತಾ ಇಲ್ವೇನೋ,” ಎಂದಳು ಆ ಗಿಡಗಳ ಅಧ್ಯಯನ ನಡೆಸುತ್ತಿದ್ದ ಸಂಶೋಧಕಿ, ಅವಳಿಗೆ ನೋಯಬಾರದೆಂದು ಮೆಲ್ಲಗೆ.

ಪೈಪಕ್ಕನಿಗೆ ಚುರುಕ್ಕೆಂದಿತು. “ನನ್ನ ಕೈಗೆ ಭೇದಭಾವ ಗೊತ್ತಿಲ್ಲಮ್ಮ. ಬೇಕಾದ್ರೆ ಜಾಗ ಅದಲು ಬದಲು ಮಾಡಿ ಬಿತ್ತೋಣ.”

ಇಬ್ಬರೂ ಸೇರಿ ಮಣ್ಣು ಕಲಸಿ, ಎರಡು ತಳಿಗಳನ್ನೂ ಜಾಗ ಬದಲಿಸಿ ಬಿತ್ತಿದರು. ಗಿಡಗಳು ಎದ್ದವು. ಎಡಗಡೆಯಿದ್ದ ತಳಿ ಬಲಗಡೆಗೆ ಬಂದರೂ ಅದೇ ಏರುಪೇರು! ಸಂಶೋಧಕಿ ಅಳೆದು ನೋಡಿದರೆ, ಎರಡೂ ಸಾಲುಗಳ ಸರಾಸರಿ ಎತ್ತರ ಹೆಚ್ಚುಕಡಿಮೆ ಒಂದೇ. ಗಿಡದಿಂದ ಗಿಡಕ್ಕೆ ಎತ್ತರದ ಏರುಪೇರಷ್ಟೇ ಒಂದರಲ್ಲಿ ಹೆಚ್ಚು. ಎಲೆಗಳನ್ನು ಕಿತ್ತು ಪರೀಕ್ಷೆಗೆ ಒಯ್ದವಳು, ಕೆಲವು ವಾರಗಳ ಮೇಲೆ ಓಡೋಡಿ ಬಂದು ಪೈಪಕ್ಕನ ಒದ್ದೆ ಕೈ ಹಿಡಿದು ಕುಣಿದೇ ಬಿಟ್ಟಳು.

“ನೀರಿನದ್ದಲ್ಲ ಅಕ್ಕಾ, ಜೀನ್‌ಗಳ ಆಟ! ಎತ್ತರದ್ದೊಂದು ಜೀನ್ ಇದೆ. ಕೆಲವು ಗಿಡದಲ್ಲಿ ಅದು ಏರಿಸುತ್ತೆ, ಕೆಲವದರಲ್ಲಿ ಇಳಿಸುತ್ತೆ. ಎರಡೂ ಸಾಲಲ್ಲಿ ಎರಡೂ ಥರದ್ದಿವೆ. ಆದ್ರೆ ಸಮನಾಗಿರೋ ಸಾಲಲ್ಲಿ ಇನ್ನೊಂದು ಜೀನ್ ಅದರ ಬಾಯಿ ಮುಚ್ಚಿಸಿದೆ.”

“ಮತ್ತೆ ಈ ಸಾಲಲ್ಲಿ?”

“ಬಾಯಿ ಮುಚ್ಚಿಸೋರೇ ಇಲ್ಲ!”

“ಅಯ್ಯೋ, ನಮ್ಮತ್ತೆ ತಮ್ಮ ಮಗಳ ಮನೆಗೆ ಹೋದಾಗ ನಮ್ಮನೇದೂ ಇದೇ ಕಥೆ,” ಎಂದು ಪೈಪಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅವರಿದ್ರೆ ಮಕ್ಕಳೆಲ್ಲ ಗಪ್‌ಚಿಪ್. ಇಲ್ದಿದ್ರೆ ಒಬ್ಬ ಬೀರು ಹತ್ತುತಾನೆ, ಒಬ್ಬಳು ಮಂಚದ ಕೆಳಗೆ ತೂರ್ಕೊತಾಳೆ.”

“ಇದನ್ನೇ ನಾನು ಸಭೇಲಿ ಹೇಳ್ತೀನಿ!” ಎಂದಳು ಸಂಶೋಧಕಿ. ಹೇಳಿದಳು ಕೂಡ. ಹಿರಿಯ ವಿಜ್ಞಾನಿಗಳು ಮೇಜು ತಟ್ಟಿ ನಕ್ಕರಂತೆ.

ಕೆಲಸ ಮುಗಿದ ಮೇಲೆ ಉಳಿದ ಏರುಪೇರಿನ ತಳಿಯ ಬೀಜಗಳಲ್ಲಿ ಒಂದು ಹಿಡಿಯನ್ನು ಪೈಪಕ್ಕ ಕೇಳಿ ಪಡೆದು, ಮನೆಯ ಹಿತ್ತಲಲ್ಲಿ ಬಿತ್ತಿದಳು. ಮಕ್ಕಳು ತಲಾ ಒಂದೊಂದು ಮೊಳಕೆಯನ್ನು ತಮ್ಮದೆಂದು ಹಂಚಿಕೊಂಡರು. ಎಲ್ಲರಿಗಿಂತ ಗಿಡ್ಡಿಯಾದ ಕಿರಿಮಗಳ ಪಾಲಿಗೆ ಬಂದ ಗಿಡವೇ ಗೋಡೆ ಮೀರಿ ಬೆಳೆಯಿತು. ಹೂ ಅರಳಿದ ಬೆಳಿಗ್ಗೆ ಅವಳು ಅಪ್ಪನ ಹೆಗಲೇರಿ, ಅದರ ಅಗಲವಾದ ಮುಖಕ್ಕೆ ತನ್ನ ಕೆನ್ನೆ ಒತ್ತಿ, “ನಂದೇ ದೊಡ್ಡದು!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.