ಎಡಮಗ್ಗುಲ ನಿದ್ದೆ

ಕೊಡದ ಬಾಯಿಗೆ ಎರಡು ಪದರಿನ ಅರಿವೆ ಕಟ್ಟಿ ಬಾವಿಯ ನೀರು ಸೋಸುತ್ತಿದ್ದೆ. ಫೋನು ಬಡಿಯಿತು. ಘೋಡಗೇರಿಯಿಂದ ನಾದಿನಿ.

"ವೈನಿ, ಆಯಿ ಎದ್ಯಾಗಿನ ಮಿಶಿನ್ ತಗಸ್ರಿ ಅಂತ ಹಟಾ ಹಿಡದಾಳ. ಉಂಡ ಮ್ಯಾಲ ಹೊಟ್ಟಿ ಟಕ್ ಟಕ್ ಅಂತ ಜಿಗೀತೈತಿ. ನಿನ್ನೆಯಿಂದ ಉಣ್ಣೂದ ಬಿಟ್ಟಾಳ."

ಆಯಿ ಎಂದರೆ ನಮ್ಮತ್ತೆ. ಅವರ ಹೃದಯದ ಎರಡು ಬದಿ ಕೂಡಿ ಬಡಿಯುತ್ತಿರಲಿಲ್ಲ. ಒಂದು ಮುಂದೆ, ಒಂದು ಹಿಂದೆ. ಎರಡನ್ನೂ ಜೊತೆಗೂಡಿಸಲು ಎರಡು ತಿಂಗಳ ಹಿಂದೆ ಬೆಳಗಾವಿಯಲ್ಲಿ ಎಡ ಭುಜದ ಕೆಳಗೆ ಯಂತ್ರ ಕೂಡಿಸಿ, ಅದರಿಂದ ಹೃದಯಕ್ಕೆ ಮೂರು ತಂತಿ ಇಳಿಸಿದ್ದರು. ಮೊದಲು ಅಡುಗೆಮನೆಯಿಂದ ಹೊಸ್ತಿಲಿಗೆ ಬರುವಷ್ಟರಲ್ಲಿ ಕೂತುಬಿಡುತ್ತಿದ್ದವರು ಆಮೇಲೆ ಬಸದಿಗೆ ತಾವೇ ನಡೆದು ಹೋಗಿ ಬಂದರು. ಅದನ್ನು ತೆಗೆಸಿದರೆ ಮತ್ತೆ ಹಾಸಿಗೆಯೇ ಗತಿ.

ಅರಿವೆಯಲ್ಲಿ ಉಳಿದ ಸಣ್ಣ ಜೀವಗಳನ್ನು ಬಾವಿಗೇ ಮರಳಿಸಿ, ಗೋಕಾಕದಿಂದ ಬಸ್ಸು ಹತ್ತಿದೆ.

ಅಲ್ಲಿ ಬಿಕ್ಕಳಿಕೆಯೆಂದು ಸಕ್ಕರೆ ತಿನ್ನಿಸಿ, ನೀರು ಕುಡಿಸಿ ಸಾಕಾಗಿತ್ತು. ಹುಕ್ಕೇರಿಯ ಡಾಕ್ಟರು ಅಂಗಾತ ಮಲಗಿಸಿ ನೋಡಿದಾಗ ಏನೂ ಜಿಗಿಯಲಿಲ್ಲವಂತೆ. ಗ್ಯಾಸಿನ ಗುಳಿಗೆ ಕೊಟ್ಟು ಕಳಿಸಿದ್ದರು.

"ಯಾರೋ ನೆನಸಾಕತ್ತಾರ್ರಿ ಆಯಿ," ಎಂದಳು ಬಾಜೂ ಮನೆಯಾಕೆ.

"ನನ್ನ ನೆನಸೋರೆಲ್ಲಾ ಮ್ಯಾಲ ಹೋಗ್ಯಾರವಾ. ಬಾ ಅಂತ ಕರ್ಯಾಕತ್ತಿರಬೇಕು."

ನಾನು ನಗಲಿಲ್ಲ. "ನನ್ನ ಸಲುವಾಗಿ ನಾಕ ತುತ್ತು ಉಣ್ರಿ," ಎಂದು ಎದುರಿಗೆ ಕೂತೆ. ಉಂಡರು. ಅಂಗಳದಲ್ಲಿ ನೂರು ಹೆಜ್ಜೆ ಎಣಿಸಿ ನಡೆದು, ಎಡಮಗ್ಗುಲಾಗಿ ಮಲಗಿದರು. ಉಂಡ ಮೇಲೆ ಹೀಗೆಯೇ ಮಲಗಬೇಕೆಂಬುದು ನಮ್ಮ ಮನೆಯ ನೇಮ. ಹೊಟ್ಟೆ ಜಿಗಿಯತೊಡಗಿತು. ಒಂದು ಕೈಯಲ್ಲಿ ನಾಡಿ ಹಿಡಿದೆ, ಇನ್ನೊಂದನ್ನು ಹೊಟ್ಟೆಯ ಮೇಲಿಟ್ಟೆ. ನಾಡಿ ಒಮ್ಮೆ ಬಡಿದರೆ ಹೊಟ್ಟೆ ಒಮ್ಮೆ ಜಿಗಿಯುತ್ತಿತ್ತು. ಬಲಕ್ಕೆ ಹೊರಳಿಸಿದೆ, ನಿಂತಿತು.

ನಮ್ಮಲ್ಲಿದ್ದಾಗ ಗಾಯದ ನೋವಿಗೆ ಅವರು ಅಂಗಾತವೇ ಮಲಗುತ್ತಿದ್ದರು. ಗಾಯ ಮಾಯ್ದು ಮಗಳ ಮನೆಗೆ ಬಂದ ಮೇಲೆ ಹಳೆಯ ರೂಢಿ ಶುರುವಾಗಿತ್ತು.

"ಆಯಿ, ತಪ್ಪು ಅನ್ನದ್ದಲ್ರಿ, ಮಗ್ಗಲದ್ದು."

"ಐವತ್ತ ವರ್ಷದಿಂದ ಇದ ಮಗ್ಗಲಾ ಮಲಗೇನಿ. ತಪ್ಪು ಮಿಶಿನ್ನಂದು. ತಗಸು."

ಮರುದಿನ ಬೆಳಿಗ್ಗೆ ಯಜಮಾನರು ಜೀಪು ತಂದರು. ದಾರಿಯುದ್ದಕ್ಕೂ ಣಮೋಕಾರ ಮಂತ್ರ ಜಪಿಸಿದೆ. ಬೆಳಗಾವಿಯ ಡಾಕ್ಟರೂ ಅಂಗಾತವೇ ಮಲಗಿಸಿದರು.

"ಸಾಹೇಬ್ರ, ಎಡಮಗ್ಗಲಾ ಮಲಗಿಸಿ ನೋಡ್ರಿ," ಎಂದೆ.

"ಯಾಕ್ರೀ ಬಾಯಾರ?"

"ನಮ್ಮ ಮನ್ಯಾಗ ಉಂಡ ಮ್ಯಾಲ ಹಂಗ ಮಲಗತಾರ್ರಿ."

ಹೊರಳಿಸಿದರು. ಸೀರೆಯ ಕೆಳಗೆ ಹೊಟ್ಟೆ ಜಿಗಿದದ್ದನ್ನು ಅವರೂ ಕಂಡರು. ಮೂರನೆಯ ತಂತಿ ಹೃದಯದ ಎಡಬದಿಗಿದೆಯಂತೆ. ಅದರ ಹತ್ತಿರವೇ ಉಸಿರಾಟದ ಸ್ನಾಯುವಿಗೆ ಹೋಗುವ ನರವೊಂದು ಹಾದಿದೆ. ಎಡಕ್ಕೆ ಮಲಗಿದಾಗ ತಂತಿ ಅತ್ತ ವಾಲಿ, ಹೃದಯಕ್ಕೆ ಕೊಟ್ಟ ಕರೆಂಟು ಆ ನರಕ್ಕೂ ತಾಗುತ್ತದೆ.

"ಮತ್ತ ಕೊಯ್ಯಬೇಕೇನ್ರಿ?" ಎಂದು ಕೇಳಿದೆ.

"ಮೊದಲ ಕರೆಂಟ್ ಕಡಿಮಿ ಮಾಡಿ ನೋಡೋಣು."

ಭುಜದ ಕೆಳಗೆ ಬಿಲ್ಲೆಯಂಥದ್ದನ್ನು ಇಟ್ಟು, ಕಂಪ್ಯೂಟರಿನಲ್ಲಿ ಏನೋ ಒತ್ತಿದರು. ಹೊಟ್ಟೆ ಸುಮ್ಮನಾಯಿತು. ಹೃದಯದ ಎರಡೂ ಬದಿ ಕೂಡಿಯೇ ಬಡಿಯುತ್ತಿವೆಯೇ ಎಂದು ಇಸಿಜಿ ಪಟ್ಟಿ ತೆಗೆದು ಎರಡು ಸಲ ನೋಡಿದರು. ಬಡಿಯುತ್ತಿದ್ದವು. ಕತ್ತರಿಯಿಲ್ಲ, ಹೊಲಿಗೆಯಿಲ್ಲ, ಹನಿ ರಕ್ತವಿಲ್ಲ. ಭಗವಂತ ಇಷ್ಟು ಸಣ್ಣದರಲ್ಲಿ ತೀರಿಸಿದ.

ಅತ್ತೆ ಮಲಗಿದಲ್ಲಿಂದಲೇ ಡಾಕ್ಟರನ್ನು ದಬಾಯಿಸಿದರು: "ಒಂದ ಗುಂಡಿ ಒತ್ತೂದಿತ್ತಂದ್ರ ನನ್ನ ಯಾಕ ಉಪವಾಸ ಕೆಡವಿದ್ರಿ?"

"ನೀವ ಬಿಟ್ಟಿದ್ರಲ್ರೀ ಆಯಿ!" ಎಂದೆ.

"ನೀ ಸುಮ್ನಿರು. ತಗಸೂದ ಬ್ಯಾಡ, ಮನೀಗೆ ನಡಿ."

ಗೋಕಾಕ ಮುಟ್ಟಿದಾಗ ಅಂಗಳದಲ್ಲಿ ಬಿಸಿಲು ಇನ್ನೂ ಇತ್ತು. ಹೊತ್ತು ಮುಳುಗಿದ ಮೇಲೆ ಅತ್ತೆ ಉಣ್ಣುವುದಿಲ್ಲ.

"ಲಗೂನ ಎರಡ ರೊಟ್ಟಿ ಬಡಿ, ಹಸಿವ್ಯಾಗೇತಿ."

ಕೊಡಕ್ಕೆ ಅರಿವೆ ಕಟ್ಟಿ ಹೊಸ ನೀರು ಸೋಸಿಕೊಂಡು, ಜೋಳದ ಹಿಟ್ಟು ನಾದಲು ಕೂತೆ.